ಮನೆಯೇ ಕಾರ್ಖಾನೆಯಾದ ಓಣಿಗಳಲ್ಲಿ ಎಡಪಂಥೀಯ ಸಂಘಟನೆ

ತೆಲಂಗಾಣದ ನಾರಾಯಣಪೇಟೆ ಮತ್ತು ಗದ್ವಾಲದ ನೇಕಾರರ ಓಣಿಗಳಲ್ಲಿ ಕಾರ್ಖಾನೆಯ ಗೇಟು ಎಂಬುದೇ ಇಲ್ಲದಿರುವುದರಿಂದ, ಗೇಟಿನ ಮುಂದೆ ಬಾವುಟ ನೆಟ್ಟು ಬೆಳೆದ ಎಡಪಂಥೀಯ ಕಾರ್ಮಿಕ ಸಂಘಟನೆಯ ಪದ್ಧತಿ ಇಲ್ಲಿ ಕಠಿಣ ಪರೀಕ್ಷೆಗೆ ಒಳಗಾಗುತ್ತದೆ. ನಾರಾಯಣಪೇಟೆಯಲ್ಲಿ ಎಂಟು ಸೀರೆಗಳಿಗಾಗುವಷ್ಟು ಹಾಸನ್ನು, ಅಂದರೆ ಉದ್ದನೆಯ ಎಳೆಗಳನ್ನು, ಒಮ್ಮೆಗೇ ಮಗ್ಗಕ್ಕೇರಿಸುವ ರೂಢಿಯಿದೆ. ಗದ್ವಾಲದಲ್ಲಿ ಹತ್ತಿಯ ಒಡಲಿಗೆ ರೇಷ್ಮೆಯ ಅಂಚು ಮತ್ತು ಸೆರಗನ್ನು ಬೆಸೆಯುತ್ತಾರೆ. ನೂಲು ಕೊಟ್ಟು ಸೀರೆ ಪಡೆಯುವ ಸಾಹುಕಾರನ ಕೆಳಗೆ ದುಡಿಯುವವರಿಗೆ ಸಿಗುವುದು ಸೀರೆಯ ಲೆಕ್ಕದ ಮಜೂರಿ. ಕಂಡಿಕೆ, ಅಂದರೆ ಅಡ್ಡ ಎಳೆಯ ನೂಲಿನ ಸುರುಳಿ, ಸುತ್ತುವ ಹೆಂಗಸರ ದುಡಿಮೆಯೂ ಅದರೊಳಗೇ ಕರಗಿಹೋಗುವುದರಿಂದ ಅವರ ಹೆಸರು ಸಾಹುಕಾರನ ಲೆಕ್ಕದ ಪುಸ್ತಕಕ್ಕೆ ಏರುವುದಿಲ್ಲ.

ಸಂಘಟನೆಗಳ ಬೇಡಿಕೆಗಳು ನೂಲಿನ ರಿಯಾಯಿತಿ, ವಿಮೆ, ಪಿಂಚಣಿಗಳೆಂದು ಬಹುಪಾಲು ಸರ್ಕಾರದ ಕಡೆಗೇ ಮುಖಮಾಡಿವೆ. ಇವು ಸಣ್ಣ ಗಳಿಕೆಗಳಲ್ಲ. ಆದರೆ ಧರಣಿ ಕಲೆಕ್ಟರ್ ಕಚೇರಿಯ ಮುಂದೆಯೇ ನಿಂತುಬಿಟ್ಟರೆ ಮಜೂರಿ ನಿಗದಿ ಮಾಡುವ ಸಾಹುಕಾರ ಹೊಣೆಯಿಂದ ಪಾರಾಗುತ್ತಾನೆ. ಬೀಡಿ ಕಾರ್ಮಿಕರ ಉದಾಹರಣೆ ಬೇರೆಯೇ ದಾರಿ ತೋರಿಸಿತ್ತು. ಮಾಲೀಕನಿಂದ ಎಲೆ, ತಂಬಾಕು ಪಡೆದು ಮನೆಯಲ್ಲಿ ಬೀಡಿ ಕಟ್ಟುವವರನ್ನೂ 1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆ ನೌಕರರೆಂದೇ ಒಪ್ಪಿಕೊಂಡಿತು. ಮನೆಯಲ್ಲಿ ನೇಯುವವರಿಗೆ ಅಂಥ ಪ್ರತ್ಯೇಕ ಕಾಯ್ದೆ ಬರಲೇ ಇಲ್ಲ. 2025ರ ನವೆಂಬರ್ 21ರಂದು ಜಾರಿಯಾದ ಕಾರ್ಮಿಕ ಸಂಹಿತೆಗಳು ಬೀಡಿಯವರ ಆ ಕಾಯ್ದೆಯನ್ನೂ ರದ್ದುಪಡಿಸಿವೆ.

ಬಹಿರಂಗ ಚಳವಳಿಗೆ ಅತಿದೊಡ್ಡ ಪೆಟ್ಟು ಕೊಟ್ಟದ್ದು ಬಂದೂಕು. 2005ರ ಆಗಸ್ಟ್ 15ರಂದು ನಾರಾಯಣಪೇಟೆಯಲ್ಲಿ ಮಾವೋವಾದಿಗಳು ಮಕ್ತಲ್ ಶಾಸಕ ಚಿಟ್ಟೆಂ ನರ್ಸಿರೆಡ್ಡಿ ಮತ್ತು ಅವರ ಮಗ ಸೇರಿದಂತೆ ಹಲವರನ್ನು ಕೊಂದರು. ಎರಡೇ ದಿನಗಳಲ್ಲಿ ಆಗಿನ ಆಂಧ್ರಪ್ರದೇಶ ಸರ್ಕಾರ ಮಾವೋವಾದಿ ಪಕ್ಷವನ್ನೂ ಅದರ ಜೊತೆಗಿನ ಸಂಘಟನೆಗಳನ್ನೂ ನಿಷೇಧಿಸಿತು. ಇಂಥ ಹತ್ಯೆಯಿಂದ ಮಜೂರಿ ಒಂದು ರೂಪಾಯಿಯೂ ಏರುವುದಿಲ್ಲ. ಓಣಿಯ ಸಭೆಗೆ ಬರುವ ಸಾಮಾನ್ಯ ನೇಕಾರನ ಮೇಲೂ ಅನುಮಾನದ ಕಣ್ಣು ಬೀಳುತ್ತದೆ.

ಮಕ್ತಲ್ ಸುತ್ತಿನ ಒಣಭೂಮಿಯ ಸಮಸ್ಯೆ ಇನ್ನೊಂದು ಬಗೆಯದು. ಕೂಲಿಗೆ ಕರೆದೊಯ್ಯುವ ಮೇಸ್ತ್ರಿಯ ಮುಂಗಡಕ್ಕೆ ಕಟ್ಟುಬಿದ್ದು ಹೈದರಾಬಾದ್, ಮುಂಬೈ, ಬೆಂಗಳೂರಿಗೆ ಗುಳೆ ಹೋಗುವವರನ್ನು ಊರಿನ ಸಂಘದ ಶಾಖೆಯೊಂದೇ ಹಿಡಿದಿಟ್ಟುಕೊಳ್ಳಲಾರದು. ಗದ್ವಾಲ 1956ರವರೆಗೆ ರಾಯಚೂರು ಜಿಲ್ಲೆಯಲ್ಲಿತ್ತು, ಗಡಿಯ ಮನೆಗಳಲ್ಲಿ ಕನ್ನಡ ಇಂದಿಗೂ ಬದುಕಿದೆ. ಆದ್ದರಿಂದ ರಾಯಚೂರಿನ ಸಂಘಗಳೊಡನೆ ಕೂಡಿ, ಕನ್ನಡ ಮತ್ತು ತೆಲುಗು ಎರಡರಲ್ಲೂ ಕರಪತ್ರ ಹಂಚಿ, ಗುಳೆ ಹೋದವರ ಹೆಸರುಪಟ್ಟಿಯನ್ನು ದುಡಿಯುವ ನಗರದ ಸಂಘಕ್ಕೆ ತಲುಪಿಸುವ ಕೆಲಸ ಆಗಲೇಬೇಕು. ನೇಕಾರರ ಓಣಿಗಳಲ್ಲಿಯೂ ಮಜೂರಿಯ ಲಿಖಿತ ಚೀಟಿಯನ್ನು ಸಾಹುಕಾರನಿಂದಲೇ ಪಡೆಯುವುದು, ಅದರಲ್ಲಿ ಕಂಡಿಕೆ ಸುತ್ತಿದವಳ ಹೆಸರನ್ನೂ ಬರೆಸುವುದು ಎಡಪಂಥೀಯ ಸಂಘಗಳ ಮೊದಲ ಬೇಡಿಕೆಯಾಗಲಿ.