ಒಂದು ಪುಟದ ಬರಹ, ಜೀವದ ಸುರುಳಿ

ಜೇಮ್ಸ್ ವಾಟ್ಸನ್ ಮತ್ತು ಫ್ರಾನ್ಸಿಸ್ ಕ್ರಿಕ್ ಡಿಎನ್‌ಎ ರಚನೆಯ ಬಗ್ಗೆ ಬರೆದ ಲೇಖನ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾದದ್ದು 1953ರ ಏಪ್ರಿಲ್ 25ರಂದು. ಒಂದು ಪುಟಕ್ಕಿಂತ ತುಸು ಹೆಚ್ಚು, ಅಷ್ಟೇ. ಅದರಲ್ಲಿರುವುದು ಒಂದೇ ಚಿತ್ರ. ಬರೆದವರು ಕ್ರಿಕ್ ಅವರ ಪತ್ನಿ, ಕಲಾವಿದೆ ಒಡೀಲ್. ಈ ಬರಹದ ಹೆಸರು ಕೇಳಿದವರು ಲಕ್ಷಾಂತರ, ಓದಿದವರು ಕಡಿಮೆ. ಅದರ ಹಿರಿಮೆಯೂ ಕೊರತೆಯೂ ತಿಳಿಯಬೇಕಾದರೆ ಮೂಲವನ್ನೇ ಓದಬೇಕು.

ಲೇಖನ ಖಂಡನೆಯಿಂದ ಶುರುವಾಗುತ್ತದೆ. ಲೈನಸ್ ಪಾಲಿಂಗ್ ಮತ್ತು ರಾಬರ್ಟ್ ಕೋರಿ ಮೂರೆಳೆಯ ಮಾದರಿಯೊಂದನ್ನು ಸೂಚಿಸಿದ್ದರು; ಅದರಲ್ಲಿ ಫಾಸ್ಫೇಟ್‌ಗಳು ಒಳಗಿದ್ದವು. ಋಣ ವಿದ್ಯುದಂಶದ ಫಾಸ್ಫೇಟ್‌ಗಳು ಒಂದನ್ನೊಂದು ದೂಡುವಾಗ ಆ ರಚನೆಯನ್ನು ಹಿಡಿದಿಡುವುದು ಯಾವುದು ಎಂದು ಕೇಳಿ, ಲೇಖಕರು ತಮ್ಮ ಮಾದರಿಯನ್ನು ಮುಂದಿಡುತ್ತಾರೆ. ಎರಡು ಎಳೆಗಳು, ವಿರುದ್ಧ ದಿಕ್ಕುಗಳು, ಸಕ್ಕರೆ–ಫಾಸ್ಫೇಟ್ ಹೊರಗೆ, ಪ್ರತ್ಯಾಮ್ಲಗಳು ಒಳಗೆ. 3.4 ಆಂಗ್‌ಸ್ಟ್ರಾಮ್‌ಗೊಂದು ಪ್ರತ್ಯಾಮ್ಲ, ಹತ್ತಕ್ಕೆ ಒಂದು ಸುತ್ತು.

ಬರಹದ ಜೀವಾಳ ಇರುವುದು ಪ್ರತ್ಯಾಮ್ಲಗಳ ಜೋಡಣೆಯಲ್ಲಿ. ಅಡಿನೈನ್, ಗ್ವಾನಿನ್‌ಗಳಿಗೆ ಎರಡೆರಡು ಉಂಗುರ. ಥೈಮಿನ್, ಸೈಟೋಸಿನ್‌ಗಳಿಗೆ ಒಂದೊಂದೇ. ದೊಡ್ಡವೆರಡು ಎದುರಾದರೆ ಜಾಗ ಸಾಲದು, ಚಿಕ್ಕವೆರಡು ಎದುರಾದರೆ ಒಂದಕ್ಕೊಂದು ಎಟುಕವು. ಹೈಡ್ರೋಜನ್ ಪರಮಾಣುಗಳು ಸರಿಯಾದ ಜಾಗದಲ್ಲಿದ್ದರೆ ಅಡಿನೈನ್‌ಗೆ ಥೈಮಿನ್, ಗ್ವಾನಿನ್‌ಗೆ ಸೈಟೋಸಿನ್ ಮಾತ್ರ ಹೊಂದುತ್ತವೆ. ಪ್ರತಿ ಜೋಡಿಯ ಎರಡು ಪ್ರತ್ಯಾಮ್ಲಗಳ ಪ್ರಮಾಣ ಸರಿಸುಮಾರು ಸಮ ಎಂದು ಎರ್ವಿನ್ ಚಾರ್ಗಾಫ್ ಆಗಲೇ ಅಳೆದು ತೋರಿಸಿದ್ದರು; ಆ ಅಂಕಿಗಳಿಗೆ ಅರ್ಥ ಸಿಕ್ಕಿದ್ದು ಇಲ್ಲಿ. ಒಂದು ಎಳೆಯ ಕ್ರಮ ಗೊತ್ತಾದರೆ ಇನ್ನೊಂದರದ್ದು ತಾನಾಗಿ ಗೊತ್ತಾಗುತ್ತದೆ. ಜೀವಕೋಶ ಇಬ್ಭಾಗವಾಗುವ ಮುನ್ನ ತನ್ನ ಮಾಹಿತಿಯನ್ನು ನಕಲು ಮಾಡಿಕೊಳ್ಳುವ ಬಗೆ ಆಕಾರದಲ್ಲೇ ಅಡಗಿದೆ. ಇಷ್ಟು ದೊಡ್ಡ ಮಾತಿಗೆ ಲೇಖಕರು ಕೊಟ್ಟದ್ದು ಒಂದೇ ವಾಕ್ಯ. ವಿವರಣೆ ಮೇ 30ರ ಇನ್ನೊಂದು ಲೇಖನದಲ್ಲಿ ಬಂತು. ರಚನೆ ಹೇಳಿದರೆ ಕೆಲಸವೂ ತಿಳಿಯುತ್ತದೆ ಎಂಬುದನ್ನು ಇಷ್ಟು ಸ್ವಚ್ಛವಾಗಿ ತೋರಿಸಿದ ಬರಹ ಜೀವವಿಜ್ಞಾನದಲ್ಲಿ ಅಪರೂಪ.

ಇದೇ ದೃಷ್ಟಿ ಆರ್‌ಎನ್‌ಎ ಬಳಿ ಬಂದಾಗ ಎಡವುತ್ತದೆ. ರೈಬೋಸ್ ಸಕ್ಕರೆಯಲ್ಲಿರುವ ಒಂದು ಹೆಚ್ಚುವರಿ ಆಮ್ಲಜನಕ ಪರಮಾಣುವಿನಿಂದಾಗಿ ಈ ರಚನೆ ಆರ್‌ಎನ್‌ಎಗೆ ಬಹುಶಃ ಅಸಾಧ್ಯ ಎಂದು ಹೇಳಿ ಲೇಖಕರು ಮುಂದೆ ಹೋಗುತ್ತಾರೆ. ಅದೇ ಸುರುಳಿ ಆರ್‌ಎನ್‌ಎಗೆ ಒಗ್ಗದು ಎಂಬುದೇನೋ ನಿಜ. ಆದರೆ 1956ರಲ್ಲಿ ಅಲೆಕ್ಸಾಂಡರ್ ರಿಚ್ ಮತ್ತು ಡೇವಿಡ್ ಡೇವೀಸ್ ಎರಡು ಕೃತಕ ಆರ್‌ಎನ್‌ಎ ಎಳೆಗಳನ್ನು ಬೆರೆಸಿದಾಗ ಅವು ಜೋಡಿಯಾಗಿ ಸುರುಳಿ ಸುತ್ತಿಕೊಂಡವು. ಅಡ್ಡಿಯೆಂದು ಕಂಡ ಆ ಆಮ್ಲಜನಕದಿಂದಲೇ ಆರ್‌ಎನ್‌ಎ ಡಿಎನ್‌ಎಗಿಂತ ಬೇಗ ತುಂಡಾಗುತ್ತದೆ. ಆರ್‌ಎನ್‌ಎ ಎಳೆ ಮಡಚಿಕೊಂಡ ಆಕಾರವನ್ನು ಹಿಡಿದಿಡಲೂ ಅದು ನೆರವಾಗುತ್ತದೆ. ಆರ್‌ಎನ್‌ಎ ಬರೀ ಸಂದೇಶ ಹೊರುವುದಿಲ್ಲ, ರಾಸಾಯನಿಕ ಕ್ರಿಯೆಯನ್ನೂ ನಡೆಸುತ್ತದೆ ಎಂದು ಥಾಮಸ್ ಚೆಕ್ ಮತ್ತು ಸಿಡ್ನಿ ಆಲ್ಟ್‌ಮನ್ ತೋರಿಸಿದ್ದು 1980ರ ದಶಕದಲ್ಲಿ. ರೈಬೋಸೋಮ್‌ನಲ್ಲಿ ಅಮೈನೋ ಆಮ್ಲಗಳನ್ನು ಬೆಸೆಯುವುದೂ ಆರ್‌ಎನ್‌ಎಯೇ.

ಇದಕ್ಕಿಂತ ದೊಡ್ಡ ಕೊರತೆ ಋಣ ಸ್ಮರಣೆಯದು. ಲಂಡನ್ನಿನ ಕಿಂಗ್ಸ್ ಕಾಲೇಜಿನ ಅಪ್ರಕಟಿತ ಫಲಿತಾಂಶಗಳ ಸ್ಥೂಲ ಪರಿಚಯ ತಮಗಿತ್ತು, ವಿವರಗಳು ಗೊತ್ತಿರಲಿಲ್ಲ ಎಂದು ಲೇಖನ ಹೇಳುತ್ತದೆ. ರೋಸಲಿಂಡ್ ಫ್ರಾಂಕ್ಲಿನ್ ಅವರ ವಿದ್ಯಾರ್ಥಿ ರೇಮಂಡ್ ಗಾಸ್ಲಿಂಗ್ 1952ರಲ್ಲಿ ತೆಗೆದ ಎಕ್ಸ್-ಕಿರಣ ಚಿತ್ರವನ್ನು ವಾಟ್ಸನ್ ನೋಡಿದ್ದರು. ಫ್ರಾಂಕ್ಲಿನ್ ಅವರ ಅಳತೆಗಳಿದ್ದ ವರದಿಯನ್ನು ಕ್ರಿಕ್ ಓದಿದ್ದರು. ಎಳೆಗಳು ವಿರುದ್ಧ ದಿಕ್ಕಿನವು ಎಂಬ ತೀರ್ಮಾನಕ್ಕೆ ಆಧಾರ ಅದರಲ್ಲೇ ಸಿಕ್ಕಿತ್ತು. ಹಾಗಾಗಿ ವಿವರಗಳು ಗೊತ್ತಿರಲಿಲ್ಲ ಎಂಬ ಸಾಲನ್ನು ಪೂರ್ಣ ಸತ್ಯವೆಂದು ಒಪ್ಪಲಾಗದು.

ಒಂದು ವಿಷಯದಲ್ಲಿ ಮಾತ್ರ ಲೇಖನ ಪ್ರಾಮಾಣಿಕವಾಗಿದೆ: ಇನ್ನಷ್ಟು ನಿಖರ ಫಲಿತಾಂಶಗಳೊಂದಿಗೆ ತಾಳೆ ನೋಡುವವರೆಗೆ ಮಾದರಿ ಸಾಬೀತಾಗಿಲ್ಲ ಎಂದು ಒಪ್ಪಿಕೊಳ್ಳುತ್ತದೆ. 1970ರ ದಶಕದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿ. ಶಶಿಶೇಖರನ್ ತಂಡ ಎಳೆಗಳು ಪಕ್ಕಪಕ್ಕ ಸಾಗುವ ಬೇರೆ ಮಾದರಿಯನ್ನು ಮಂಡಿಸಿದ್ದು ಆ ಮಾತಿಗೆ ಸಲ್ಲಿಸಿದ ಗೌರವವೇ ಸರಿ. ಕಡೆಗೆ ಡಿಎನ್‌ಎ ಹರಳುಗಳ ಅಧ್ಯಯನ ಹೆಣೆದ ಸುರುಳಿಯನ್ನೇ ಎತ್ತಿಹಿಡಿಯಿತು. ಪ್ರಶ್ನಿಸಿಕೊಂಡು ಗೆದ್ದದ್ದರಿಂದ ಅದರ ತೂಕ ಹೆಚ್ಚಿತು.

ಅದೇ ಸಂಚಿಕೆಯಲ್ಲಿ ಈ ಬರಹದ ಬೆನ್ನಿಗೇ ಮಾರಿಸ್ ವಿಲ್ಕಿನ್ಸ್ ತಂಡದ ಹಾಗೂ ಫ್ರಾಂಕ್ಲಿನ್–ಗಾಸ್ಲಿಂಗ್ ಜೋಡಿಯ ಲೇಖನಗಳಿವೆ. ಮೊದಲನೆಯದರಲ್ಲಿ ಊಹೆಯ ಬೆರಗಿದ್ದರೆ, ಉಳಿದೆರಡರಲ್ಲಿ ಆ ಊಹೆ ನಿಂತಿರುವ ನೆಲವಿದೆ. ನಮ್ಮ ಪದವಿ ತರಗತಿಗಳಲ್ಲಿ ಮೂರನ್ನೂ ಒಟ್ಟಿಗೆ ಓದಿಸಬೇಕು. ಆಗ ಮಾತ್ರ ಡಿಎನ್‌ಎ ರಚನೆಯ ಶ್ರೇಯಸ್ಸು ಯಾರಿಗೆಷ್ಟು ಸಲ್ಲಬೇಕೆಂದು ವಿದ್ಯಾರ್ಥಿಗಳು ತಾವೇ ತೂಗಿ ನೋಡಬಲ್ಲರು.