ಮಹಮೂದ್ ಗಾವಾನನ ಮದರಸಾ ಮತ್ತು ಆಟಿಕೆಯ ಇಟ್ಟಿಗೆ

ತಂದೆತಾಯಿ ಮಕ್ಕಳೊಂದಿಗೆ ಕೂಡಿ ಆಟಿಕೆಯ ಇಟ್ಟಿಗೆಗಳಿಂದ ಕಟ್ಟುವ ದೊಡ್ಡ ಮಾದರಿಗಳಲ್ಲಿ ಎರಡು ಬಗೆಗಳಿವೆ. ಪೆಟ್ಟಿಗೆಯೊಡನೆ ಬರುವ ಪುಸ್ತಿಕೆಯ ಚಿತ್ರಗಳನ್ನು ಅನುಸರಿಸಿ, ಇಂಥ ಇಟ್ಟಿಗೆಯ ಮೇಲೆ ಇಂಥದೇ ಇಟ್ಟಿಗೆ ಎಂಬ ಕ್ರಮದಲ್ಲಿ ಮುಗಿಸುವುದು ಒಂದು. ಕಣ್ಣೆದುರಿನ ಕಟ್ಟಡವೊಂದನ್ನು ನೋಡಿ, ಅಳೆದು, ತಾವೇ ನಕ್ಷೆ ಹಾಕಿಕೊಂಡು ಕಟ್ಟುವುದು ಇನ್ನೊಂದು. ಮೊದಲ ಬಗೆಗೆ ಡೆನ್ಮಾರ್ಕಿನ ಲೆಗೊ ಕಂಪನಿ 2008ರಲ್ಲಿ ಹೊರತಂದ, 5,922 ಬಿಡಿಭಾಗಗಳ ತಾಜ್ ಮಹಲ್ ಉತ್ತಮ ಉದಾಹರಣೆ. ಅದು ತಾಳ್ಮೆಯನ್ನು ಧಾರಾಳವಾಗಿ ಕಲಿಸುತ್ತದೆ. ಆದರೆ ಅದರ ನಿರ್ಧಾರಗಳೆಲ್ಲ ಬಿಲ್ಲುಂಡ್ ಊರಿನ ಕಚೇರಿಯಲ್ಲಿ ಮೊದಲೇ ಆಗಿಹೋಗಿರುವುದರಿಂದ ಮಗುವಿಗೆ ಉಳಿಯುವುದು ಕೈಗೆಲಸ ಮಾತ್ರ. ಖಟಕ ಚಿಂಚೋಳಿಯಂಥ ಊರಿನ, ಅಥವಾ ಭಾಲ್ಕಿ, ಔರಾದ್ ಸೀಮೆಯ ಯಾವುದೇ ಮನೆಯವರು ಕೈಗೆತ್ತಿಕೊಳ್ಳಲು ಅದಕ್ಕಿಂತ ಯೋಗ್ಯವಾದ ಕಟ್ಟಡ ಬೀದರ್ ಪಟ್ಟಣದ ನಡುವೆಯೇ ಇದೆ.

ಬಹಮನಿ ರಾಜ್ಯದ ಮಂತ್ರಿಯಾಗಿದ್ದ, ಇರಾನಿನ ಗೀಲಾನ್ ಪ್ರಾಂತದಿಂದ ಬಂದ ಮಹಮೂದ್ ಗಾವಾನನು 1472ರಲ್ಲಿ ಕಟ್ಟಿಸಿದ ಮದರಸಾ, ಅಂದರೆ ಉನ್ನತ ವಿದ್ಯಾಲಯ, ಸುಮಾರು 205 ಅಡಿ ಉದ್ದ ಮತ್ತು 180 ಅಡಿ ಅಗಲವಿದ್ದು, ನಡುವಿನ ಚೌಕ ಅಂಗಳದ ಸುತ್ತ ಮೂರು ಅಂತಸ್ತುಗಳಲ್ಲಿ ವಿದ್ಯಾರ್ಥಿಗಳ ಕೋಣೆಗಳನ್ನೂ ಎತ್ತರದ ಬೋಧನಾ ಮಂದಿರಗಳನ್ನೂ ಹೊಂದಿದೆ. ಅದರ ಮುಂಭಾಗದ ಎರಡು ಮೂಲೆಗಳಲ್ಲಿ ಸುಮಾರು 131 ಅಡಿ ಎತ್ತರದ ಎರಡು ಮಿನಾರಗಳಿದ್ದವು. ಔರಂಗಜೇಬನ ಕಾಲದಲ್ಲಿ ಕಟ್ಟಡದ ಒಂದು ಭಾಗವನ್ನು ಮದ್ದಿನ ಕೋಠಿಯಾಗಿ ಬಳಸಲಾಗುತ್ತಿದ್ದು, 1696ರಲ್ಲಿ ಸಂಭವಿಸಿದ ಸ್ಫೋಟದಲ್ಲಿ ಒಂದು ಮಿನಾರವೂ ಮುಂಭಾಗದ ದೊಡ್ಡ ಪಾಲೂ ನಾಶವಾದವು.

ಈ ಹಾನಿಯೇ ಮದರಸಾವನ್ನು ಮಕ್ಕಳ ಮಾದರಿಗೆ ಅತ್ಯುತ್ತಮ ವಸ್ತುವನ್ನಾಗಿ ಮಾಡಿದೆ. ಕಟ್ಟಡವು ಸಮಮಿತಿಯಿಂದ ಕೂಡಿದ್ದು, ಅಂದರೆ ನಡುಗೆರೆಯ ಆಚೆಯ ರಚನೆಯೇ ಈಚೆಗೂ ಪ್ರತಿಬಿಂಬದಂತೆ ಬರುವಂಥದ್ದಾದುದರಿಂದ, ಉಳಿದ ಅರ್ಧವನ್ನು ಎಚ್ಚರದಿಂದ ನೋಡಿದ ಮಗುವು ಕಳೆದುಹೋದ ಅರ್ಧವನ್ನು ತಾನೇ ಊಹಿಸಿ ಕಟ್ಟಬಲ್ಲದು. ಈ ಊಹೆಯನ್ನು ಮುಚ್ಚಿಡದೆ, ಉಳಿದ ಭಾಗವನ್ನು ಒಂದು ಬಣ್ಣದಲ್ಲೂ ಊಹಿಸಿದ ಭಾಗವನ್ನು ಅದಕ್ಕಿಂತ ತಿಳಿಯಾದ ಬಣ್ಣದಲ್ಲೂ ಕಟ್ಟಬೇಕು; ಪುರಾತನ ಕಟ್ಟಡಗಳ ಸಂರಕ್ಷಣೆಯಲ್ಲಿಯೂ ಹೊಸ ಜೋಡಣೆಯು ಹಳೆಯದರಿಂದ ಬೇರೆಯಾಗಿ ಕಾಣಬೇಕೆಂಬ ನಿಯಮವಿದೆ. ಎಲ್ಲವನ್ನೂ ಒಂದೇ ಬಣ್ಣದಲ್ಲಿ ಮುಗಿಸಿದ ಮಾದರಿ ನೋಡಲು ಚೆಂದವಾದರೂ, ಕಂಡದ್ದು ಯಾವುದು, ಊಹಿಸಿದ್ದು ಯಾವುದು ಎಂಬುದನ್ನು ಹೇಳದ ಕಾರಣ ರಸಿಕರ ದೃಷ್ಟಿಯಲ್ಲಿ ಎರಡನೆಯ ದರ್ಜೆಯದು.

ಅಳತೆಯ ಪ್ರಮಾಣವನ್ನು ಗೊತ್ತುಮಾಡುವುದು ಹಿರಿಯರ ಕೆಲಸ. ಇಟ್ಟಿಗೆಯ ಮೇಲಿನ ಉಬ್ಬುಗಳ ನಡುವಿನ ಅಂತರ 8 ಮಿಲಿಮೀಟರ್, ಇಟ್ಟಿಗೆಯ ಎತ್ತರ 9.6 ಮಿಲಿಮೀಟರ್, ಅದರ ಮೂರನೆಯ ಒಂದು ಪಾಲಿನಷ್ಟು ದಪ್ಪದ ಚಪ್ಪಟೆ ತುಂಡಿನ ಎತ್ತರ 3.2 ಮಿಲಿಮೀಟರ್. ಜೊತೆಗೆ ಬರುವ ಗೊಂಬೆಗಳಿಗೆ ಒಪ್ಪುವ ಪ್ರಮಾಣದಲ್ಲಿ, ಅಂದರೆ ಮೂಲದ ಸುಮಾರು ನಲವತ್ತೆರಡನೆಯ ಒಂದು ಪಾಲಿನಲ್ಲಿ, ಕಟ್ಟಹೊರಟರೆ ಮದರಸಾ ಒಂದೂವರೆ ಮೀಟರ್ ಉದ್ದವಾಗಿ ನಡುಮನೆಯನ್ನೇ ಕೇಳುತ್ತದೆ. ನೂರನೆಯ ಒಂದು ಪಾಲಿಗೆ ಇಳಿಸಿದರೆ ಅದು 62 ಸೆಂಟಿಮೀಟರ್ ಉದ್ದ, 55 ಸೆಂಟಿಮೀಟರ್ ಅಗಲಕ್ಕೆ, ಅಂದರೆ ಸುಮಾರು 78 ಉಬ್ಬು ಮತ್ತು 69 ಉಬ್ಬುಗಳಿಗೆ ಬರುವುದರಿಂದ, 48 ಉಬ್ಬುಗಳ ನಾಲ್ಕು ತಳಹಲಗೆಗಳ ಮೇಲೆ ಸಾಕಷ್ಟು ಅಂಚು ಉಳಿದು ಕೂರುತ್ತದೆ. ಮಿನಾರಕ್ಕೆ 42 ವರಸೆ ಇಟ್ಟಿಗೆ ಬೇಕಾಗುತ್ತದೆ. ಈ ಭಾಗಾಕಾರವನ್ನು ಮಕ್ಕಳಿಂದಲೇ ಮಾಡಿಸಬೇಕೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಗೋಡೆಯ ಬಲವಿರುವುದು ಸಂದು ಮುರಿಯುವುದರಲ್ಲಿ, ಅಂದರೆ ಕೆಳಗಿನ ವರಸೆಯಲ್ಲಿ ಎರಡು ಇಟ್ಟಿಗೆ ಕೂಡುವ ಗೆರೆಯ ಮೇಲೆ ಮೇಲಿನ ವರಸೆಯ ಇಟ್ಟಿಗೆಯ ನಡುಭಾಗ ಬರುವಂತೆ ಇಡುವುದರಲ್ಲಿ. ಗೌಂಡಿಗಳು ಕೆಲಸ ಮಾಡುವಲ್ಲಿ ಹತ್ತು ನಿಮಿಷ ನಿಂತ ಮಗುವಿಗೆ ಇದು ತಿಳಿದಿರುತ್ತದೆ. ಅಂಗಡಿಯ ಪೆಟ್ಟಿಗೆಗಳಲ್ಲೇ ಬೆಳೆದ ಹಿರಿಯರಿಗೆ ಎಷ್ಟೋ ಸಲ ತಿಳಿದಿರುವುದಿಲ್ಲ. ಮಿನಾರದಲ್ಲಿ ಮಾತ್ರ ಈ ನಿಯಮ ಕೈಕೊಡುತ್ತದೆ. ಕಾಲುವೃತ್ತದ ಆಕಾರದ ನಾಲ್ಕು ಇಟ್ಟಿಗೆಗಳನ್ನು ಕೂಡಿಸಿದರೆ ನಾಲ್ಕು ಉಬ್ಬು ಅಗಲದ ಬಳೆಯೊಂದು ಸಿದ್ಧವಾಗುತ್ತದೆಯಾದರೂ, ಅದನ್ನು ಕಾಲುಸುತ್ತಿಗಿಂತ ಕಡಿಮೆ ತಿರುಗಿಸಲು ಉಬ್ಬುಗಳು ಬಿಡದೆ ಇರುವುದರಿಂದ ಎಲ್ಲ ವರಸೆಗಳ ಸಂದುಗಳೂ ಒಂದರ ಮೇಲೊಂದು ಬಂದು, ಮಿನಾರವು ಒಂದಕ್ಕೊಂದು ಅಂಟದ ನಾಲ್ಕು ಕಡ್ಡಿಗಳಾಗಿ ಸೀಳಿಕೊಳ್ಳುತ್ತದೆ. ಮೂರು ನಾಲ್ಕು ವರಸೆಗೊಮ್ಮೆ ಅಷ್ಟೇ ಅಗಲದ ಚಪ್ಪಟೆ ದುಂಡು ತುಂಡೊಂದನ್ನು ಇಟ್ಟು ನಾಲ್ಕನ್ನೂ ಬಿಗಿಯುವುದೇ ಇದಕ್ಕೆ ಪರಿಹಾರ. ಉಳಿದಿರುವ ಮಿನಾರದ ಮೈಮೇಲೆ ಮೆರುಗು ಹೆಂಚುಗಳ ಅಂಕುಡೊಂಕು ಪಟ್ಟಿಗಳಿವೆ. ಕಾಲುವೃತ್ತಗಳ ಬಣ್ಣವನ್ನು ವರಸೆಯಿಂದ ವರಸೆಗೆ ಬದಲಿಸುತ್ತ ಹೋದರೆ ಅದರ ಒರಟು ಛಾಯೆಯಾದರೂ ದೊರೆಯುತ್ತದೆ. ಇನ್ನುಳಿದ ಮೂರು ಬದಿಗಳ ನಡುವೆ ಅರೆ ಎಂಟುಕೋನವಾಗಿ ಮುಂದೆ ಚಾಚಿದ ಭಾಗಗಳಿಗೆ ಬಿಜಾಗರಿಯಂತೆ ಮಡಿಸುವ ತುಂಡುಗಳು ಒದಗುತ್ತವೆ. ಅವುಗಳ ಮೇಲಿನ ಗುಮ್ಮಟಗಳನ್ನು ಮಕ್ಕಳ ಕಲ್ಪನೆಗೆ ಬಿಟ್ಟುಬಿಡುವುದು ಒಳ್ಳೆಯದು, ಏಕೆಂದರೆ ಆ ಗಾತ್ರದಲ್ಲಿ ನಿಜವಾದ ಗುಮ್ಮಟ ಯಾರ ಕೈಗೂ ಬರುವುದಿಲ್ಲ.

ಖರ್ಚಿನ ಮಾತು ಬಂದೇ ಬರುತ್ತದೆ. ಆಮದಾಗುವ ಆಟಿಕೆಗಳ ಮೇಲಿನ ಮೂಲ ಸುಂಕ 2020ರಲ್ಲಿ ಶೇ 20ರಿಂದ 60ಕ್ಕೂ, 2023ರಲ್ಲಿ ಶೇ 70ಕ್ಕೂ ಏರಿದ ಮೇಲೆ ವಿದೇಶಿ ಪೆಟ್ಟಿಗೆಗಳು ದುಬಾರಿಯಾಗಿವೆ. ದೇಶೀಯ ಇಟ್ಟಿಗೆಗಳನ್ನು ಕೊಳ್ಳುವವರು 2021ರ ಜನವರಿ 1ರಿಂದ ಆಟಿಕೆಗಳಿಗೆ ಕಡ್ಡಾಯವಾಗಿರುವ ಐಎಸ್‌ಐ ಗುರುತನ್ನು ನೋಡಬೇಕು. ಬೇರೆ ಬೇರೆ ತಯಾರಕರ ಇಟ್ಟಿಗೆಗಳನ್ನು ಒಂದೇ ಗೋಡೆಯಲ್ಲಿ ಬೆರೆಸಬಾರದು, ಏಕೆಂದರೆ ಕೂದಲೆಳೆಯಷ್ಟು ವ್ಯತ್ಯಾಸವೂ ಎಪ್ಪತ್ತು ಉಬ್ಬುಗಳ ಉದ್ದಕ್ಕೆ ಕೂಡುತ್ತ ಹೋಗಿ ಗೋಡೆಯನ್ನು ಬಾಗಿಸುತ್ತದೆ. ಲೆಗೊ ಕಂಪನಿಯ 1958ರ ಇಟ್ಟಿಗೆ ಇಂದಿನ ಇಟ್ಟಿಗೆಗೂ ಕೂಡಿಕೊಳ್ಳುವುದು ಆ ಬಿಗಿ ಅಳತೆಯ ಫಲ. ಅದೇ ಕಂಪನಿ 1969ರಲ್ಲಿ ಪುಟ್ಟ ಮಕ್ಕಳಿಗೆಂದು ತಂದ, ಉದ್ದ, ಅಗಲ, ಎತ್ತರಗಳಲ್ಲಿ ಎರಡರಷ್ಟಿರುವ ಡ್ಯೂಪ್ಲೊ ಇಟ್ಟಿಗೆಯ ಮೇಲೆ ಸಣ್ಣ ಇಟ್ಟಿಗೆ ಕೂರುವುದರಿಂದ, ದೊಡ್ಡವನು ಮುಂಭಾಗವನ್ನು ಕಟ್ಟುವಾಗ ಚಿಕ್ಕವಳು ಕಟ್ಟಡದ ಒಳತಿರುಳನ್ನು ತುಂಬಬಹುದು. ಹಣ ಉಳಿಯುವುದಲ್ಲದೆ ಮನೆಯ ಜಗಳವೂ ಅರ್ಧಕ್ಕೆ ಇಳಿಯುತ್ತದೆ.

ಹೀಗೆ ಕೂಡಿ ಕಟ್ಟುವುದು ಈ ನಾಡಿಗೆ ಹೊಸದೇನಲ್ಲ. ಬೆಳಗಾವಿಯಲ್ಲಿ ದೀಪಾವಳಿಯ ಹೊತ್ತಿಗೆ ಓಣಿಯ ಮಕ್ಕಳು ಕಲ್ಲು ಮಣ್ಣುಗಳಿಂದ ಶಿವಾಜಿಯ ಕೋಟೆಗಳ ಮಾದರಿಗಳನ್ನು, ಅಲ್ಲಿಯ ಮಾತಿನಲ್ಲಿ ಕಿಲ್ಲಾಗಳನ್ನು, ಕಟ್ಟಿ ಬುರುಜುಗಳ ನಡುವೆ ಹಸಿರು ಬೆಳೆಸುತ್ತಾರೆ. ಬೀದರ್ ಸೀಮೆಯಲ್ಲಿ ಎಳ್ಳಮಾವಾಸ್ಯೆಯಂದು ಹೊಲದ ನಡುವೆ ಜೋಳದ ದಂಟಿನ ಕೊಂಪೆಯನ್ನು ನಿಲ್ಲಿಸುವಾಗ ಮನೆಯ ಸಣ್ಣವರ ಕೈಯೂ ಸೇರಿರುತ್ತದೆ. ಕಿಲ್ಲಾದ ಮಣ್ಣು ಮುಂದಿನ ಮಳೆಗೆ ಕರಗುತ್ತದೆ, ಪ್ಲಾಸ್ಟಿಕ್ ಇಟ್ಟಿಗೆ ಕರಗುವುದಿಲ್ಲ. ಆದುದರಿಂದ ಮುಗಿದ ಮಾದರಿಯನ್ನು ಗಾಜಿನ ಪೆಟ್ಟಿಗೆಯಲ್ಲಿ ಇಟ್ಟು ಪೂಜಿಸದೆ, ಕೆಲವು ತಿಂಗಳ ನಂತರ ಬಿಚ್ಚಿ, ಅದೇ ಇಟ್ಟಿಗೆಗಳಿಂದ ಬೀದರಿನ ದುಂಡು ಗೋಪುರವಾದ ಚೌಬಾರವನ್ನೋ ಕೋಟೆಯ ದರವಾಜೆಯನ್ನೋ ಎತ್ತಿಕೊಳ್ಳುವುದು ಉಚಿತ.

ಈ ಕೆಲಸಕ್ಕೆ ಕೈಹಾಕುವ ತಂದೆತಾಯಿಗಳು ಇಟ್ಟಿಗೆಯ ಅಂಗಡಿಗೆ ಹೋಗುವ ಮೊದಲು ಮಕ್ಕಳನ್ನು ಕರೆದುಕೊಂಡು ಭಾಲ್ಕಿಯಲ್ಲಿ ಬೀದರಿನ ರೈಲು ಹತ್ತಲಿ. ಯಾವ ಬಣ್ಣದ ಇಟ್ಟಿಗೆ ಎಷ್ಟು ಬೇಕೆಂಬುದು ಮದರಸಾದ ಅಂಗಳದಲ್ಲಿ ನಿಂತು, ಉಳಿದ ಹೆಂಚುಗಳನ್ನು ಕಣ್ಣಾರೆ ನೋಡಿದ ಮೇಲಷ್ಟೇ ಗೊತ್ತಾಗುತ್ತದೆ.