ಛಾಂದೋಗ್ಯದ ‘ಮಟಚೀ’ ಶಬ್ದವೂ ಮರುಭೂಮಿಯ ಮಿಡತೆಯೂ

ಕುರುದೇಶವು ‘ಮಟಚೀ’ಗಳಿಂದ ಹಾಳಾದಾಗ ಉಷಸ್ತಿ ಚಾಕ್ರಾಯಣನು ಪತ್ನೀಸಮೇತನಾಗಿ ಇಭ್ಯಗ್ರಾಮದಲ್ಲಿ ದಾರಿದ್ರ್ಯದಿಂದಿದ್ದನೆಂದು ಛಾಂದೋಗ್ಯೋಪನಿಷತ್ತಿನ ಪ್ರಥಮಾಧ್ಯಾಯದ ದಶಮಖಂಡವು ಹೇಳುವುದು. ಶಂಕರಭಾಷ್ಯದಲ್ಲಿ ಮಟಚಿಗೆ ಅಶನಿಯೆಂದು ಅರ್ಥವಿದೆ; ಅನುವಾದಕರು ಅನೇಕರು ಆಲಿಕಲ್ಲೆಂದು ತಿಳಿದರು. ಡಿ. ಆರ್. ಭಂಡಾರ್ಕರರಾದರೋ 1918ರ ಕಾರ್ಮೈಕೇಲ್ ಉಪನ್ಯಾಸಗಳಲ್ಲಿ, ಇದು ಕನ್ನಡದ ‘ಮಿಡಿಚೆ’ಯ ಸಂಸ್ಕೃತರೂಪವೆಂದೂ ಮಿಡತೆಯೇ ಇಲ್ಲಿ ಉದ್ದಿಷ್ಟವೆಂದೂ ಪ್ರತಿಪಾದಿಸಿದರು. ಉಪನಿಷತ್ತಿನಲ್ಲಿ ಕನ್ನಡ ಶಬ್ದವಿದೆಯೆಂಬ ಅಭಿಮಾನದ ಮಾತಿಗೆ ಇದೇ ಆಧಾರ. ಆದರೆ ಶಬ್ದದ ಅರ್ಥವೇನು, ಅದರ ಮೂಲವೆಲ್ಲಿ ಎಂಬ ಎರಡು ಪ್ರಶ್ನೆಗಳು ಇಲ್ಲಿ ಬೆರೆತುಹೋಗಿವೆ. ಒಂದರ ಉತ್ತರವು ಇನ್ನೊಂದಕ್ಕೆ ಸಾಕ್ಷಿಯಾಗದು.

ಅರ್ಥನಿರ್ಣಯಕ್ಕೆ ಕೋಶಕ್ಕಿಂತಲೂ ಕೀಟದ ವಾಸಸ್ಥಾನವು ಹೆಚ್ಚು ನೆರವಾಗುವುದು. ಶಾಸ್ತ್ರಜ್ಞರು ಸ್ಕಿಸ್ಟೊಸರ್ಕಾ ಗ್ರಿಗೇರಿಯಾ ಎಂದು ಕರೆಯುವ ಮರುಭೂಮಿಯ ಮಿಡತೆಯು ಶಾಂತಕಾಲದಲ್ಲಿ ಪಶ್ಚಿಮ ಆಫ್ರಿಕದಿಂದ ವಾಯವ್ಯ ಭಾರತದವರೆಗೆ, ಸುಮಾರು 160 ಲಕ್ಷ ಚದರ ಕಿಲೋಮೀಟರ್ ಒಣನೆಲದಲ್ಲಿ ಚೆದುರಿ ಒಂಟಿಯಾಗಿ ಬದುಕುವುದು. ಮಳೆಯಿಂದ ಮರಳು ತೇವಗೊಂಡು ಹಸುರು ಚಿಗುರಿದೆಡೆಯಲ್ಲಿ ಮೊಟ್ಟೆಯಿಡುವುದು. ಥಾರ್ ಮರುಭೂಮಿಯಲ್ಲಿ ಇದಕ್ಕೆ ಮುಂಗಾರೇ ಸುಗ್ಗಿ. ಸಂತಾನ ಹೆಚ್ಚಿ ಇಕ್ಕಟ್ಟಾದರೆ ಬಣ್ಣವೂ ನಡತೆಯೂ ಬದಲಾಗಿ, ದಂಡುಕಟ್ಟಿ, ಗಾಳಿಯೊಡನೆ ದಿನಕ್ಕೆ ನೂರು ಕಿಲೋಮೀಟರಿಗೂ ಮಿಗಿಲಾಗಿ ಸಾಗಬಲ್ಲುದು. ಕುರುದೇಶ, ಎಂದರೆ ಈಗಿನ ಹರಿಯಾಣ ಮತ್ತು ದೆಹಲಿಯ ಸುತ್ತಣ ಸೀಮೆ, ಈ ದಂಡಿನ ದಾರಿಯಲ್ಲಿಯೇ ಇದೆ. 2020ರ ಜೂನ್ 27ರಂದು ಗುರುಗ್ರಾಮದ ಆಕಾಶವನ್ನು ಅದು ಕವಿದಿತ್ತು. ಆಲಿಕಲ್ಲು ಕಿರಿದಾದ ಪಟ್ಟಿಯಲ್ಲಿ ಬಿದ್ದುಹೋಗುವುದು. ಒಂದು ದೇಶವೇ ಕೆಟ್ಟಿತೆಂಬ ಮಾತಿಗೆ ಮಿಡತೆಯೇ ಹೊಂದುವುದು. ಇಷ್ಟರಮಟ್ಟಿಗೆ ಭಂಡಾರ್ಕರರ ಅರ್ಥವು ಗ್ರಾಹ್ಯವೇ.

ಮೂಲದ ಮಾತು ಬೇರೆ. ಮಿಡಿಚೆ, ಮಿಡತೆ ಎಂಬವು ಜಿಗಿಯುವ ಈ ಕುಲಕ್ಕೆಲ್ಲ ಸಾಮಾನ್ಯವಾದ ಹೆಸರು. ದಂಡಿನ ಮಿಡತೆಗೆ ಮೀಸಲಲ್ಲ. ಕನ್ನಡ ರೈತನನ್ನು ಕಾಡಿದ ಮಿಡತೆಯೂ ಬೇರೆ ಜಾತಿಯದು. ಮೈಸೂರಿನ ಕೃಷಿ ಇಲಾಖೆಯಲ್ಲಿದ್ದ ಕೋಲ್ಮನ್ನರು 1911ರಲ್ಲಿ ವರ್ಣಿಸಿದ ಜೋಳದ ಮಿಡತೆಗೆ, ಅವರ ಹೆಸರನ್ನೇ ಹೊತ್ತ ಕೋಲ್ಮೇನಿಯಕ್ಕೆ, ಹಾರಬಲ್ಲ ರೆಕ್ಕೆಗಳೇ ಇಲ್ಲ. ದಖ್ಖನಿನ ಹೊಲಗಳಿಂದ ಅದು ಕುರುಕ್ಷೇತ್ರಕ್ಕೆ ಹೋಗಲಾರದು. (ಶಬ್ದವು ಹೋಗಬಹುದು, ಹೋದುದಕ್ಕೆ ಸಾಕ್ಷಿ ಬೇಕು.) ತೆಲುಗಿನಲ್ಲಿಯೂ ‘ಮಿಡುತ’ ಇರುವುದರಿಂದ ಇದು ಕನ್ನಡವೊಂದರ ಸೊತ್ತಲ್ಲ. ಕನ್ನಡದ ಪ್ರಾಚೀನ ಶಾಸನಗಳಲ್ಲೊಂದಾದ ಹಲ್ಮಿಡಿಯದು ಕ್ರಿ. ಶ. ಸುಮಾರು 450ರದು, ಛಾಂದೋಗ್ಯವು ಅದಕ್ಕಿಂತ ಸಾವಿರ ವರ್ಷಗಳಷ್ಟಾದರೂ ಹಿಂದಿನದೆಂದು ವಿದ್ವಾಂಸರ ಎಣಿಕೆ. ಇಕಾರವು ಅಕಾರವಾಗಿ ಡಕಾರವು ಟಕಾರವಾದುದಕ್ಕೆ ಕಾರಣ ಕೊಡದೆ ಹೋಲಿಕೆಯನ್ನಷ್ಟೇ ಹಿಡಿದರೆ ನಿರುಕ್ತಿಯಾಗದು. ದ್ರಾವಿಡಮೂಲದ ಶಬ್ದವೊಂದು ಉತ್ತರದಲ್ಲಿ ಉಳಿದಿದ್ದಿರಬಹುದೆಂಬಷ್ಟೇ ಊಹೆಗೆ ಅವಕಾಶವುಂಟು. ತರಗತಿಯಲ್ಲಿ ಅದನ್ನು ಕನ್ನಡ ಶಬ್ದವೆಂದೇ ಕಲಿಸಲು ಆಧಾರ ಸಾಲದು.